ವಲಸೆ ಕಾರ್ಮಿಕರ ದುಡ್ಡು ದೇಶದ ಸಾಲ ತೀರಿಸುತ್ತದೆಯಾ?

ಸಾಲದಲ್ಲಿ ಮುಳುಗಿದ ಬಡ ದೇಶಗಳ ಬಗ್ಗೆ ಚರ್ಚೆ ಶುರುವಾದರೆ ಒಂದು ಮಾತು ಬಂದೇ ಬರುತ್ತದೆ. "ಇವರ ಜನ ಲಕ್ಷಗಟ್ಟಲೆ ಹೊರದೇಶಗಳಲ್ಲಿ ದುಡಿಯುತ್ತಿದ್ದಾರೆ. ವರ್ಷ ವರ್ಷ ಡಾಲರ್ ಬರುತ್ತಲೇ ಇದೆ. ಆ ದುಡ್ಡಲ್ಲೇ ವಿದೇಶಿ ಸಾಲ ತೀರಿಸಬಹುದಲ್ವಾ?" ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಲೆಕ್ಕ ನೋಡೋಣ. ವಿಶ್ವಬ್ಯಾಂಕ್ ಅಂದಾಜಿನ ಪ್ರಕಾರ, 2023ರಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ವಲಸಿಗರು ಕಳಿಸಿದ ಹಣ ಸುಮಾರು 65,600 ಕೋಟಿ ಡಾಲರ್. ಹೊರಗಿನ ಕಂಪನಿಗಳು ಆ ದೇಶಗಳಲ್ಲಿ ಹೂಡಿದ ನೇರ ಬಂಡವಾಳ ಮತ್ತು ಶ್ರೀಮಂತ ದೇಶಗಳು ಕೊಟ್ಟ ನೆರವು, ಎರಡರಲ್ಲಿ ಯಾವುದೂ ಅದೇ ವಿಶ್ವಬ್ಯಾಂಕ್ ಲೆಕ್ಕದಲ್ಲಿ ಇಷ್ಟಿಲ್ಲ. ಅದೇ ವರ್ಷದ ಕೊನೆಗೆ ಆ ದೇಶಗಳ ಒಟ್ಟು ವಿದೇಶಿ ಸಾಲ ಸುಮಾರು 8.8 ಲಕ್ಷ ಕೋಟಿ ಡಾಲರ್. ಆ ಒಂದೇ ವರ್ಷ ಅಸಲು, ಬಡ್ಡಿ ಅಂತ ಕಟ್ಟಿದ್ದು ಸುಮಾರು 1.4 ಲಕ್ಷ ಕೋಟಿ ಡಾಲರ್. ಅಂದರೆ ಕಳಿಸಿದ ದುಡ್ಡಿನ ಎರಡು ಪಟ್ಟಿಗಿಂತ ಜಾಸ್ತಿ. ಮನೆಯವರು ಒಂದು ಪೈಸೆ ಖರ್ಚು ಮಾಡದೆ ಎಲ್ಲವನ್ನೂ ಸಾಲ ಕೊಟ್ಟವರ ಕೈಗಿಟ್ಟರೂ ಆ ವರ್ಷದ ಕಂತಿನ ಅರ್ಧವೂ ಮುಗಿಯುವುದಿಲ್ಲ.

ಆದರೆ ಒಟ್ಟು ಲೆಕ್ಕ ಕೆಲವು ದೇಶಗಳ ಕಥೆ ಮುಚ್ಚಿಡುತ್ತದೆ, ಒಪ್ಪುತ್ತೇನೆ. ನೇಪಾಳವನ್ನೇ ತೆಗೆದುಕೊಳ್ಳಿ. ಅಲ್ಲಿನ ಜಿಡಿಪಿಯ ಹತ್ತಿರ ಹತ್ತಿರ ಕಾಲು ಭಾಗದಷ್ಟು ಹಣ ಹೊರಗೆ ದುಡಿಯುವವರಿಂದ ಬರುತ್ತದೆ. ಅದರ ವಿದೇಶಿ ಸಾಲದ ಬಹುಪಾಲು ಕಡಿಮೆ ಬಡ್ಡಿಯದ್ದು, ವರ್ಷದ ಕಂತೂ ಸಣ್ಣದು. ಅಲ್ಲಿ ಬರುವ ಡಾಲರ್ ಕಂತಿಗಿಂತ ಹಲವು ಪಟ್ಟು ದೊಡ್ಡದು. ಹಾಗಿದ್ದರೆ ಅಂಥ ಕಡೆ ಈ ವಾದ ನಿಲ್ಲುತ್ತದೆಯಾ?

ನಿಲ್ಲುವುದಿಲ್ಲ. ಯಾಕೆಂದರೆ ಆ ಡಾಲರ್ ಸರ್ಕಾರದ್ದಲ್ಲ.

ದುಡ್ಡು ಹೇಗೆ ಓಡಾಡುತ್ತದೆ ನೋಡಿ. ಕೊಲ್ಲಿ ದೇಶದಲ್ಲಿ ಕಟ್ಟಡ ಕೆಲಸ ಮಾಡುವವನೊಬ್ಬ ಮನೆಗೆ ಇನ್ನೂರು ಡಾಲರ್ ಕಳಿಸುತ್ತಾನೆ. ಅವನ ಊರಿನ ಬ್ಯಾಂಕು ಆ ಡಾಲರ್ ಇಟ್ಟುಕೊಂಡು ಮನೆಯವರಿಗೆ ಸ್ಥಳೀಯ ಹಣ ಕೊಡುತ್ತದೆ. ಬ್ಯಾಂಕಿನಲ್ಲಿರುವ ಡಾಲರನ್ನು ಎಣ್ಣೆ ತರಿಸುವವರು, ಔಷಧಿ ತರಿಸುವವರು, ಗೊಬ್ಬರ ತರಿಸುವವರು ಕೊಳ್ಳುತ್ತಾರೆ. ಸರ್ಕಾರಕ್ಕೂ ಸಾಲ ಕಟ್ಟಲು ಡಾಲರ್ ಬೇಕು. ಅದೂ ಸ್ಥಳೀಯ ಹಣ ಕೊಟ್ಟೇ ಕೊಳ್ಳಬೇಕು. ಆ ಹಣ ಎಲ್ಲಿಂದ ಬರಬೇಕು? ತೆರಿಗೆಯಿಂದ. ಖರ್ಚು ಹಿಡಿದು ಉಳಿಸಿದ್ದರಿಂದ. ಅಂದರೆ ವಲಸಿಗರು ಕಳಿಸಿದ ಹಣ ಮಾರುಕಟ್ಟೆಯಲ್ಲಿ ಡಾಲರ್ ಸಿಗುವ ಹಾಗೆ ಮಾಡುತ್ತದೆ, ಅಷ್ಟೇ. ಖಜಾನೆ ಖಾಲಿ ಇರುವ ಸರ್ಕಾರಕ್ಕೆ ಅದನ್ನು ಕೊಳ್ಳುವ ಶಕ್ತಿ ಕೊಡುವುದಿಲ್ಲ. ಸಿರಿವಂತರಿಂದ ತೆರಿಗೆ ವಸೂಲಿ ಮಾಡಲಾಗದ ಸರ್ಕಾರ ಎಷ್ಟು ಡಾಲರ್ ಬಂದರೂ ಸಾಲದಿಂದ ಏಳುವುದಿಲ್ಲ.

ಇನ್ನೊಂದು ವಿಷಯ. ಆ ಇನ್ನೂರು ಡಾಲರಿನಲ್ಲಿ ಮನೆಯವರು ಅಕ್ಕಿ, ಫೋನು, ಸಿಮೆಂಟು, ಮಕ್ಕಳ ಓದು ಅಂತ ಖರ್ಚು ಮಾಡುತ್ತಾರೆ. ಅದರಲ್ಲಿ ಒಂದಷ್ಟು ಸಾಮಾನು ಹೊರಗಿನಿಂದಲೇ ಬರಬೇಕು. ಹಾಗಾಗಿ ಬಂದ ಡಾಲರಿನ ಒಂದು ಪಾಲು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಇದಕ್ಕೆ ಆ ಮನೆಯವರನ್ನು ದೂರುವವರಿದ್ದಾರೆ. "ಸುಮ್ನೆ ಖರ್ಚು ಮಾಡ್ತಾರೆ, ಹೂಡಿಕೆ ಮಾಡಲ್ಲ" ಅಂತ. ಮಗುವಿನ ಊಟ, ಅಮ್ಮನ ಔಷಧಿ ಇವೇ ಅವರ ಹೂಡಿಕೆ. ಅದಕ್ಕೇ ಅಲ್ವಾ ಆತ ಊರು ಬಿಟ್ಟಿದ್ದು?

ಈಗ ಶ್ರೀಲಂಕಾ ವಿಷಯಕ್ಕೆ ಬರುತ್ತೇನೆ. ಈ ವಾದದ ನಿಜವಾದ ಪರೀಕ್ಷೆ ನಡೆದದ್ದು ಅಲ್ಲಿ. 2020ರಲ್ಲಿ ಹೊರಗಿದ್ದ ಶ್ರೀಲಂಕಾದವರು ಕಳಿಸಿದ್ದು ಸುಮಾರು 710 ಕೋಟಿ ಡಾಲರ್. 2021ರಲ್ಲಿ ಅದು 550 ಕೋಟಿಗೆ ಇಳಿಯಿತು. 2022ರಲ್ಲಿ 380 ಕೋಟಿ. ದೇಶಕ್ಕೆ ಡಾಲರ್ ಅತಿ ಹೆಚ್ಚು ಬೇಕಿದ್ದ ಹೊತ್ತಿನಲ್ಲೇ ಹೆಚ್ಚುಕಡಿಮೆ ಅರ್ಧವಾಯಿತು! ಜನ ಮನೆಗೆ ಹಣ ಕಳಿಸುವುದನ್ನು ಬಿಟ್ಟುಬಿಟ್ಟರಾ? ಇಲ್ಲ. ಕೇಂದ್ರ ಬ್ಯಾಂಕು ಡಾಲರಿನ ಬೆಲೆಯನ್ನು ಸುಮಾರು 200 ರೂಪಾಯಿಗೆ ಕಟ್ಟಿಹಾಕಿತ್ತು. ಕಾಳಸಂತೆಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತಿತ್ತು. ಬ್ಯಾಂಕಿನಲ್ಲಿ ಕಳಿಸಿದರೆ ತನ್ನ ಮನೆಯವರಿಗೇ ನಷ್ಟ ಎಂದು ಗೊತ್ತಿದ್ದೂ ಯಾರು ಕಳಿಸುತ್ತಾರೆ? ಹಣ ಹುಂಡಿಯ ದಾರಿ, ಅಂದರೆ ಬ್ಯಾಂಕು ತಪ್ಪಿಸಿ ದಲ್ಲಾಳಿಗಳ ಮೂಲಕ ಕಳಿಸುವ ದಾರಿ ಹಿಡಿಯಿತು. ಡಿಸೆಂಬರ್ 2021ರಲ್ಲಿ ಡಾಲರಿಗೆ 10 ರೂಪಾಯಿ ಹೆಚ್ಚುವರಿ ಕೊಡುತ್ತೇವೆ ಎಂದರು. ಜನ ಅದಕ್ಕೆ ಒಲಿಯಲಿಲ್ಲ. ಮಾರ್ಚ್ 2022ರಲ್ಲಿ ಕಟ್ಟು ಬಿಚ್ಚಿದಾಗ ರೂಪಾಯಿ ಕುಸಿಯಿತು, ಕೆಲವೇ ವಾರಗಳಲ್ಲಿ ಡಾಲರ್ 300 ರೂಪಾಯಿ ದಾಟಿತು.

ಏಪ್ರಿಲ್ 12, 2022. ವಿದೇಶಿ ಸಾಲದ ಕಂತು ನಿಲ್ಲಿಸುತ್ತಿದ್ದೇವೆ ಎಂದು ಶ್ರೀಲಂಕಾ ಘೋಷಿಸಿತು. ಸ್ವಾತಂತ್ರ್ಯ ಬಂದ ಮೇಲೆ ಅದೇ ಮೊದಲು. ಅದರ ಬೆನ್ನಿಗೇ ಕೇಂದ್ರ ಬ್ಯಾಂಕು ಹೊರಗಿರುವ ತನ್ನ ಜನರಿಗೆ ಮನವಿ ಮಾಡಿತು: ಆಹಾರ, ಇಂಧನ, ಔಷಧಿ ತರಿಸಲು ಡಾಲರ್ ದಾನ ಮಾಡಿ. ಆ ಮನವಿಯ ಬಗ್ಗೆ ಸ್ವಲ್ಪ ಯೋಚಿಸಿ. ತಿಂಗಳುಗಟ್ಟಲೆ ಅದೇ ಜನರ ದುಡಿಮೆಗೆ ಕಡಿಮೆ ಬೆಲೆ ಕಟ್ಟಿದ ಸಂಸ್ಥೆ ಅದು. ಈಗ ದೇಶಪ್ರೇಮದ ಹೆಸರಲ್ಲಿ ಕೈಚಾಚಿತು. ಎಲ್ಲೋ ಬೇರೆಯವರ ಮನೆಯಲ್ಲಿ ಪಾತ್ರೆ ತೊಳೆದು ದುಡಿಯುವ ಹೆಂಗಸು ಮಂತ್ರಿಗಳು ಮಾಡಿದ ತಪ್ಪಿಗೆ ದಾನ ಕೊಡಬೇಕು. ಇದು ಅನ್ಯಾಯ. ನನಗೆ ಬೇರೆ ಪದ ಸಿಗುತ್ತಿಲ್ಲ.

ಲೆಬನಾನ್ ಇನ್ನೂ ಕೆಟ್ಟ ಉದಾಹರಣೆ. ಅಲ್ಲಿ ಹೊರಗಿನ ಬಂಧುಗಳು ವರ್ಷಕ್ಕೆ 600 ಕೋಟಿ ಡಾಲರಿಗೂ ಜಾಸ್ತಿ ಕಳಿಸುತ್ತಿದ್ದರು. ಒಳ್ಳೆಯ ಬಡ್ಡಿ ಎಂದು ಬ್ಯಾಂಕುಗಳಲ್ಲಿ ಡಾಲರಿನಲ್ಲೇ ಉಳಿತಾಯವನ್ನೂ ಇಟ್ಟರು. ಬ್ಯಾಂಕುಗಳು ಅದರಲ್ಲಿ ದೊಡ್ಡ ಪಾಲನ್ನು ಸರ್ಕಾರಕ್ಕೂ ಕೇಂದ್ರ ಬ್ಯಾಂಕಿಗೂ ಕೊಟ್ಟವು. 2019ರ ಕೊನೆಗೆ ಬ್ಯಾಂಕುಗಳು ಬಾಗಿಲು ಹಾಕಿಕೊಂಡವು, ಜನರ ಡಾಲರ್ ಒಳಗೇ ಸಿಕ್ಕಿಕೊಂಡಿತು. ಮಾರ್ಚ್ 2020ರಲ್ಲಿ ದೇಶ 120 ಕೋಟಿ ಡಾಲರ್ ಬಾಂಡಿನ (ಸಾಲಪತ್ರದ) ಹಣ ಕಟ್ಟಲಾಗದೆ ಕೈಚೆಲ್ಲಿತು. ವಲಸಿಗರ ದುಡ್ಡು ಸಾಲ ತೀರಿಸಲಿಲ್ಲ. ಸಾಲ ವರ್ಷಗಟ್ಟಲೆ ಬೆಳೆಯಲು ದಾರಿ ಮಾಡಿಕೊಟ್ಟಿತು.

ನನ್ನ ನಿಜವಾದ ಭಯ ಇದೇ. ಡಾಲರ್ ಬರುತ್ತದೆ ಎಂಬ ಭರವಸೆಯೇ ಇನ್ನಷ್ಟು ಸಾಲಕ್ಕೆ ಪರವಾನಗಿ ಆಗುವುದು. ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಮತ್ತು ವಿಶ್ವಬ್ಯಾಂಕ್ ಬಡ ದೇಶಗಳ ಸಾಲ ಹೊರುವ ಶಕ್ತಿಯನ್ನು ಅಳೆಯುವಾಗ, ವಲಸಿಗರು ಕಳಿಸುವ ಹಣವನ್ನೂ ಒಂದು ಅಂಶವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಅದು ತಪ್ಪಲ್ಲ, ಡಾಲರ್ ಬರುವುದು ನಿಜ ತಾನೇ. ಆದರೆ ಅದರ ಫಲ ಏನು? ಹೆಚ್ಚು ಜನ ಊರು ಬಿಟ್ಟಷ್ಟೂ ದೇಶ ಹೆಚ್ಚು ಸಾಲ ಹೊರಬಲ್ಲದು ಎಂದಾಗುತ್ತದೆ. ಊರು ಬಿಟ್ಟವರನ್ನು ಈ ಬಗ್ಗೆ ಯಾರಾದರೂ ಕೇಳಿದ್ದಾರಾ?

ಕೇಳದೆಯೇ ಕಿತ್ತುಕೊಳ್ಳಲು ಹೊರಟವರೂ ಇದ್ದಾರೆ. 1982ರ ಕೊನೆಯಲ್ಲಿ ಫಿಲಿಪೀನ್ಸ್ ಅಧ್ಯಕ್ಷ ಮಾರ್ಕೋಸ್ ಒಂದು ಆದೇಶ ಹೊರಡಿಸಿದರು. ಹೊರದೇಶದಲ್ಲಿ ದುಡಿಯುವವರು ಸಂಬಳದ 50ರಿಂದ 80 ಶೇಕಡಾವನ್ನು ಬ್ಯಾಂಕಿನ ಮೂಲಕವೇ ಊರಿಗೆ ಕಳಿಸಬೇಕು. ಇಲ್ಲದಿದ್ದರೆ ಪಾಸ್‌ಪೋರ್ಟ್ ನವೀಕರಣ ಇಲ್ಲ. ದೇಶ ಆಗ ಸಾಲದ ಸುಳಿಯಲ್ಲಿತ್ತು. ಮರುವರ್ಷವೇ ಕಂತು ಕಟ್ಟಲಾಗದೆ ಸಾಲ ಕೊಟ್ಟವರ ಮುಂದೆ ಸಮಯ ಕೇಳಬೇಕಾಯಿತು. ಹಾಂಗ್‌ಕಾಂಗಿನಲ್ಲಿ ಮನೆಗೆಲಸ ಮಾಡುತ್ತಿದ್ದ ಫಿಲಿಪೀನ್ಸ್ ಹೆಂಗಸರು ಸಂಘ ಕಟ್ಟಿಕೊಂಡು ತಿರುಗಿಬಿದ್ದರು. 1985ರಲ್ಲಿ ಆ ಶಿಕ್ಷೆಗಳನ್ನು ಕೈಬಿಡಬೇಕಾಯಿತು. ಅವರ ಧೈರ್ಯಕ್ಕೆ ನನ್ನ ನಮಸ್ಕಾರ.

ಬಲವಂತ ಇಲ್ಲದ ದಾರಿಗಳೂ ಇವೆ. 1998ರಲ್ಲಿ ಅಣು ಪರೀಕ್ಷೆಯ ನಂತರ ನಿರ್ಬಂಧ ಬಿದ್ದಾಗ ಭಾರತ ಅನಿವಾಸಿಗಳಿಗೆ ಬಾಂಡ್ ಮಾರಿ ಸುಮಾರು 420 ಕೋಟಿ ಡಾಲರ್ ಎತ್ತಿತು. ಕೊಂಡವರು ತಾವಾಗಿ ಕೊಂಡರು, ಅವರಿಗೆ ಬಡ್ಡಿ ಸಿಕ್ಕಿತು. ಇದಕ್ಕೆ ನನ್ನ ತಕರಾರಿಲ್ಲ. ಆದರೆ ನೆನಪಿಡಿ, ಬಾಂಡ್ ಅಂದರೆ ಅದೂ ಸಾಲವೇ. ಕೊಟ್ಟವರು ಬದಲಾದರು, ಅಷ್ಟೇ. ಮುಂದೆ ಬರಲಿರುವ ಹಣವನ್ನೇ ಒತ್ತೆ ಇಡುವ ಪದ್ಧತಿಯೂ ಇದೆ. 2001ರಲ್ಲಿ ಬ್ರೆಜಿಲಿನ ಒಂದು ದೊಡ್ಡ ಬ್ಯಾಂಕು ಜಪಾನಿನಲ್ಲಿ ದುಡಿಯುವ ಬ್ರೆಜಿಲ್ ಜನ ಮುಂದೆ ಕಳಿಸಲಿರುವ ಯೆನ್ ಅನ್ನೇ ಆಧಾರ ಮಾಡಿಕೊಂಡು 30 ಕೋಟಿ ಡಾಲರ್ ಸಾಲ ಎತ್ತಿತ್ತು. ಇದರಲ್ಲಿ ಬಡ್ಡಿ ಕಡಿಮೆಯಾಗುತ್ತದೆ, ನಿಜ. ಆದರೆ ಆ ವಿದೇಶಿ ಹಣ ಮೊದಲು ಸಾಲ ಕೊಟ್ಟವರ ಲೆಕ್ಕಕ್ಕೆ ಹೋಗುತ್ತದೆ. ದೇಶಕ್ಕೆ ಕಷ್ಟ ಬಂದಾಗ ಔಷಧಿಗೆ ಬೇಕಾದ ಡಾಲರ್ ಆಗಲೇ ಇನ್ನೊಬ್ಬರ ಕೈಯಲ್ಲಿರುತ್ತದೆ.

ಹಾಗಂತ ಈ ದುಡ್ಡಿನ ಶಕ್ತಿ ಸಣ್ಣದಲ್ಲ. 2020ರಲ್ಲಿ ಕೋವಿಡ್ ಬಂದಾಗ ಇದು ಸುಮಾರು 20 ಶೇಕಡಾ ಕುಸಿಯುತ್ತದೆ ಎಂದು ವಿಶ್ವಬ್ಯಾಂಕ್ ಹೇಳಿತ್ತು. ಕುಸಿದದ್ದು ಎರಡು ಶೇಕಡಾದಷ್ಟೂ ಇಲ್ಲ. ಹೂಡಿಕೆದಾರರು ಕಷ್ಟದ ವಾಸನೆ ಬಂದ ಕೂಡಲೇ ಓಡುತ್ತಾರೆ. ವಲಸಿಗರು ತಮ್ಮ ಊಟ ಕಡಿಮೆ ಮಾಡಿಯಾದರೂ ಮನೆಗೆ ಕಳಿಸುತ್ತಾರೆ. ಆ ಹಣ ದೇಶಕ್ಕೆ ಉಸಿರಾಡಲು ಸಮಯ ಕೊಡುತ್ತದೆ. ಆ ಸಮಯದಲ್ಲಿ ಸರ್ಕಾರ ಏನು ಮಾಡುತ್ತದೆ ಎನ್ನುವುದೇ ಪ್ರಶ್ನೆ.

ನನ್ನ ಪ್ರಕಾರ ಮಾಡಬೇಕಾದದ್ದು ಸ್ಪಷ್ಟ. ಡಾಲರಿಗೆ ನಿಜವಾದ ಬೆಲೆ ಕೊಡಿ, ಹಣ ತಾನಾಗಿ ಬ್ಯಾಂಕಿಗೆ ಬರುತ್ತದೆ. ಶ್ರೀಲಂಕಾದಲ್ಲಿ ಹಾಗೇ ಆಯಿತು, 2023ರಲ್ಲಿ ಮತ್ತೆ 600 ಕೋಟಿ ಡಾಲರಿನ ಹತ್ತಿರ ಬಂತು. ಸಾಲ ಕೊಟ್ಟವರೂ ನಷ್ಟದಲ್ಲಿ ಪಾಲು ಹೊರಲಿ. ಅಪಾಯ ಇದೆ ಎಂದೇ ಅವರು ಹೆಚ್ಚು ಬಡ್ಡಿ ಪಡೆದದ್ದು. 2024ರ ಕೊನೆಗೆ ಶ್ರೀಲಂಕಾದ ಬಾಂಡ್ ಹಿಡಿದವರು ಅಸಲಿನಲ್ಲಿ ಒಂದು ಪಾಲು ಬಿಡಲು ಒಪ್ಪಿದರು. ಆದರೆ ಅಷ್ಟರಲ್ಲಿ ಎರಡೂವರೆ ವರ್ಷ ಕಳೆದಿತ್ತು. ಅಷ್ಟು ಕಾಲ ಅಲ್ಲಿನ ಎಷ್ಟೋ ಮನೆಗಳು ನಡೆದದ್ದು ಹೊರಗಿನಿಂದ ಬಂದ ದುಡ್ಡಿನಲ್ಲಿ.

ಕಳಿಸುವ ಖರ್ಚನ್ನೂ ಇಳಿಸಬೇಕು. ಇನ್ನೂರು ಡಾಲರ್ ಕಳಿಸಿದರೆ ಜಗತ್ತಿನ ಸರಾಸರಿಯಲ್ಲಿ ಈಗಲೂ ಆರು ಶೇಕಡಾಕ್ಕಿಂತ ಜಾಸ್ತಿ ಮಧ್ಯವರ್ತಿಗಳ ಪಾಲಾಗುತ್ತದೆ. 2030ರೊಳಗೆ ಮೂರು ಶೇಕಡಾಕ್ಕಿಂತ ಕೆಳಗೆ ತರುತ್ತೇವೆ ಎಂದು ವಿಶ್ವಸಂಸ್ಥೆಯ ಗುರಿಗಳಲ್ಲಿ ಎಲ್ಲ ದೇಶಗಳೂ ಒಪ್ಪಿವೆ. 65,600 ಕೋಟಿಯಲ್ಲಿ ಮೂರು ಶೇಕಡಾ ಅಂದರೆ ಹತ್ತಿರ ಹತ್ತಿರ 2,000 ಕೋಟಿ ಡಾಲರ್. ಯಾರ ಸಾಲಕ್ಕೂ ಲೆಕ್ಕ ಹಾಕದೆ, ಪ್ರತಿ ವರ್ಷ ನೇರವಾಗಿ ಆ ಮನೆಗಳಿಗೇ ಸೇರಬೇಕಾದ ದುಡ್ಡು ಅದು.