ಐ-ತ್ರೀಲಿ ಯಾವ ವಿಂಡೋ ಎಲ್ಲಿ ಕೂರ್ಬೇಕು ಅಂತ ನಾವೇ ಹೇಳೋದು

ನಮಸ್ಕಾರ. ಐ-ತ್ರೀ, ಅಂದ್ರೆ ಲಿನಕ್ಸಲ್ಲಿ ವಿಂಡೋಗಳನ್ನ ಪಕ್ಕಪಕ್ಕ ಜೋಡಿಸೋ ವಿಂಡೋ ಮ್ಯಾನೇಜರ್, ಹಾಕ್ಕೊಂಡ ಹೊಸದ್ರಲ್ಲಿ ಎಲ್ರೂ ಕೇಳೋದು ಒಂದೇ, ಇಷ್ಟು ಸಣ್ಣ ಕ್ಯಾಲ್ಕುಲೇಟರ್ ಓಪನ್ ಮಾಡಿದ್ರೆ ಅದ್ಯಾಕೆ ಅರ್ಧ ಸ್ಕ್ರೀನ್ ತಿಂದ್ಕೊಂಡು ಕೂರುತ್ತೆ ಅಂತ. ಟೈಲಿಂಗ್ ಅಂದ್ರೆ ಅದೇ ಅಲ್ವಾ, ಬಂದೋರಿಗೆಲ್ಲ ಜಾಗ ಹಂಚೋದು. ಬೇಡ ಅಂದ್ರೆ ಆ ಒಂದು ವಿಂಡೋಗೆ ರೂಲ್ ಬರೀಬೇಕು.

[ಸ್ಕ್ರೀನ್: ಎಡಕ್ಕೆ ಕಾಫಿ ಲೆಕ್ಕದ ಶೀಟ್, ಬಲಕ್ಕೆ ಊದ್ಕೊಂಡಿರೋ ಕ್ಯಾಲ್ಕುಲೇಟರ್]

ಇದು ತೋಟದ ಲೆಕ್ಕ. 50 ಕೆಜಿ ರೋಬಸ್ಟಾ ಚೆರಿಗೆ, ಅಂದ್ರೆ ಒಣಗಿಸಿದ ಕಾಫಿ ಹಣ್ಣಿಗೆ, 26 ಕೆಜಿ ಬೀಜ ಬಂದ್ರೆ ಔಟ್‌ಟರ್ನ್ 26, ಅದನ್ನ ವಿರಾಜಪೇಟೆ ರೇಟಿಗೆ ಒಂದ್ಸಲ ಗೋಣಿಕೊಪ್ಪದ ರೇಟಿಗೆ ಒಂದ್ಸಲ ಗುಣಿಸಿ ನೋಡ್ಬೇಕು, ಮಳೆಗಾಲದವರೆಗೂ ಸ್ಟಾಕ್ ಇಟ್ಟೋರಿಗಂತೂ ದಿನಾ ಇದೇ ಕೆಲ್ಸ, ಅಷ್ಟ್ರಲ್ಲಿ ಶೀಟಿನ ಅರ್ಧ ಕಾಲಮ್ ಕಾಣ್ಸದೇ ಇಲ್ಲ.

ಮೊದ್ಲು ವಿಂಡೋ ಹೆಸ್ರು ಬೇಕು. ಟರ್ಮಿನಲ್‌ನಲ್ಲಿ ಎಕ್ಸ್‌ಪ್ರಾಪ್ ಅಂತ ಟೈಪ್ ಮಾಡಿ ಎಂಟರ್ ಹೊಡೀರಿ, ಕರ್ಸರ್ ಪ್ಲಸ್ ಥರ ಆಗುತ್ತೆ, ಕ್ಯಾಲ್ಕುಲೇಟರ್ ಮೇಲೆ ಕ್ಲಿಕ್ ಮಾಡಿ. ಉದ್ದಕ್ಕೆ ಏನೇನೋ ಬರುತ್ತೆ, ಹೆದ್ರಬೇಡಿ, ಡಬ್ಲ್ಯೂಎಂ ಕ್ಲಾಸ್ ಅನ್ನೋ ಲೈನ್ ಒಂದೇ ಸಾಕು. ಅದ್ರಲ್ಲಿ ಎರಡು ಹೆಸ್ರಿದೆ ನೋಡಿ, ಈ ಕ್ಯಾಲ್ಕುಲೇಟರ್ ಆ್ಯಪ್ ಹೆಸ್ರೇ ಗ್ಯಾಲ್ಕುಲೇಟರ್, ಚಿಕ್ಕ ಜೀ ಇರೋದು ಇನ್‌ಸ್ಟನ್ಸ್, ಆಮೇಲೆ ದೊಡ್ಡ ಜೀ ಇರೋದು ಕ್ಲಾಸ್. ನಮಗೆ ಎರಡನೇದು ಬೇಕು, ಚಿಕ್ಕಕ್ಷರ ದೊಡ್ಡಕ್ಷರ ತಪ್ಪಿದ್ರೆ ಎರರ್ ಕೂಡ ತೋರ್ಸಲ್ಲ, ಸುಮ್ನೆ ಏನೂ ಆಗಲ್ಲ.

[ಸ್ಕ್ರೀನ್: ಕಾನ್ಫಿಗ್ ಫೈಲ್, ಲೈನ್ ಟೈಪ್ ಆಗ್ತಾ ಇದೆ]

ಈಗ ಐ-ತ್ರೀ ಕಾನ್ಫಿಗ್ ಫೈಲ್ ತೆಗೆದು ಈ ಲೈನ್ ಬರೀರಿ: ಫಾರ್ ಅಂಡರ್‌ಸ್ಕೋರ್ ವಿಂಡೋ, ಸ್ಕ್ವೇರ್ ಬ್ರಾಕೆಟ್ ಒಳಗೆ ಕ್ಲಾಸ್ ಈಕ್ವಲ್ ಟು, ಕೋಟ್ಸ್ ಒಳಗೆ ಆ ಹೆಸ್ರು, ಬ್ರಾಕೆಟ್ ಮುಚ್ಚಿ ಫ್ಲೋಟಿಂಗ್ ಎನೇಬಲ್, ಅಂದ್ರೆ ಜಾಗ ಹಂಚ್ಕೊಳ್ದೆ ಮೇಲೆ ತೇಲು ಅಂತ. ಹೆಸ್ರು ಶುರುವಾಗೋಕೆ ಮೊದ್ಲು ಟೋಪಿ ಥರದ ಕ್ಯಾರೆಟ್ ಗುರುತು, ಮುಗಿದ್ಮೇಲೆ ಡಾಲರ್ ಗುರುತು ಹಾಕಿ, ಇಲ್ಲಾಂದ್ರೆ ಇದು ರೆಜೆಕ್ಸ್, ಅಂದ್ರೆ ಅಕ್ಷರಗಳ ಮಾದರಿ ಹುಡುಕೋ ರೀತಿ, ಆಗಿರೋದ್ರಿಂದ ಆ ಹೆಸ್ರು ಎಲ್ಲೆಲ್ಲಿ ಸೇರ್ಕೊಂಡಿದೆಯೋ ಅದನ್ನೆಲ್ಲ ಹಿಡಿಯುತ್ತೆ. ಕಾಮಾ ಹಾಕಿ ಸ್ಟಿಕಿ ಎನೇಬಲ್ ಅಂದ್ರೆ ಯಾವ ವರ್ಕ್‌ಸ್ಪೇಸಿಗೆ, ಅಂದ್ರೆ ನಂಬರ್ ಹಾಕಿರೋ ಬೇರೆ ಬೇರೆ ಸ್ಕ್ರೀನ್ ಪುಟಕ್ಕೆ, ಹೋದ್ರೂ ಜೊತೇಲೇ ಬರುತ್ತೆ. ಸೇವ್ ಮಾಡಿ, ಮಾಡ್ ಕೀ (ಐ-ತ್ರೀಗೆ ನೀವು ಆರಿಸಿರೋ ಆಲ್ಟ್ ಅಥವಾ ವಿಂಡೋಸ್ ಕೀ), ಶಿಫ್ಟ್, ಸಿ ಒಟ್ಟಿಗೆ ಒತ್ತಿ ರೀಲೋಡ್, ಆದ್ರೆ ಈಗಾಗ್ಲೇ ಓಪನ್ ಆಗಿರೋದು ಹಾಗೇ ಇರುತ್ತೆ, ಮುಚ್ಚಿ ಮತ್ತೆ ತೆಗೀರಿ.

ವಾಟ್ಸಾಪ್ ವಿಷ್ಯಕ್ಕೆ ಬರೋಣ, ಹೋಮ್‌ಸ್ಟೇ ನಡೆಸೋರಿಗೆ ಬುಕಿಂಗೆಲ್ಲ ಅಲ್ಲೇ ತಾನೆ. ತುಂಬ ಜನ ಟೈಟಲ್‌ನಲ್ಲಿ ವಾಟ್ಸಾಪ್ ಅಂತ ಇದ್ರೆ ನಾಲ್ಕನೇ ವರ್ಕ್‌ಸ್ಪೇಸಿಗೆ ಕಳ್ಸು ಅಂತ ಬರೀತಾರೆ. ಟೈಟಲ್ ಅನ್ನೋದು ಟ್ಯಾಬ್ ಬದಲಾದಂಗೆ ಬದಲಾಗುತ್ತೆ ಮಾರಾಯ್ರೆ, ನೀವು ಆ ಟ್ಯಾಬಿಗೆ ಹೋದ ತಕ್ಷಣ ಬ್ರೌಸರ್‌ಗೆ ಬ್ರೌಸರೇ ನಾಲ್ಕಕ್ಕೆ ಹಾರುತ್ತೆ. ಅದ್ರ ಬದ್ಲು ಕ್ರೋಮಿಯಂನಲ್ಲಿ ಆ್ಯಪ್ ಆಪ್ಷನ್ ಕೊಟ್ಟು ವಾಟ್ಸಾಪ್ ವೆಬ್ ಬೇರೆ ವಿಂಡೋ ಆಗಿ ತೆಗೀರಿ, ಈಗ ಎಕ್ಸ್‌ಪ್ರಾಪ್ ನೋಡಿದ್ರೆ ಕ್ಲಾಸ್ ಕ್ರೋಮಿಯಂ ಅಂತಾನೇ ಇರುತ್ತೆ, ಆದ್ರೆ ಇನ್‌ಸ್ಟನ್ಸ್ ಜಾಗದಲ್ಲಿ ವಾಟ್ಸಾಪ್ ಅಡ್ರೆಸ್ಸೇ ಬಂದಿರುತ್ತೆ. ಆಗ್ಲೇ ಬಿಟ್ಟಿದ್ವಲ್ಲ ಮೊದಲ್ನೇ ಹೆಸ್ರು, ಅದು ಇಲ್ಲಿ ಬೇಕು. ಅಸೈನ್, ಬ್ರಾಕೆಟ್‌ನಲ್ಲಿ ಇನ್‌ಸ್ಟನ್ಸ್ ಈಕ್ವಲ್ ಟು ವಾಟ್ಸಾಪ್, ನಂಬರ್ ನಾಲ್ಕು. ಮುಗೀತು.

ಟೈಟಲ್ ಪೂರ್ತಿ ದಂಡ ಅಂತಲ್ಲ. ಫೈರ್‌ಫಾಕ್ಸ್‌ನ ಪಿಕ್ಚರ್ ಇನ್ ಪಿಕ್ಚರ್, ಅಂದ್ರೆ ವಿಡಿಯೋ ಬೇರೆಯಾಗಿ ಬರೋ ಪುಟ್ಟ ವಿಂಡೋಗೆ ಬ್ರೌಸರ್ ಕ್ಲಾಸೇ ಇರುತ್ತೆ, ಅದನ್ನ ಬೇರೆ ಮಾಡೋಕೆ ಟೈಟಲ್ ಸೇರಿಸಬಹುದು. ಡೈಲಾಗ್ ಬಾಕ್ಸ್‌ಗಳಿಗೆ ರೂಲ್ ಬರೀತಾ ಕೂರ್ಬೇಡಿ, ತಾನು ಡೈಲಾಗ್ ಅಂತ ಹೇಳ್ಕೊಳೋ ವಿಂಡೋನ ಐ-ತ್ರೀ ತಾನೇ ತೇಲಿಸುತ್ತೆ.

ಸ್ವೇ, ಅಂದ್ರೆ ವೇಲ್ಯಾಂಡ್ ಅನ್ನೋ ಹೊಸ ಡಿಸ್ಪ್ಲೇ ವ್ಯವಸ್ಥೆಗೆ ಇರೋ ಐ-ತ್ರೀ ಥರದ್ದು, ಬಳಸೋರು ಸ್ವಲ್ಪ ತಡೀರಿ, ವೇಲ್ಯಾಂಡ್ ಆ್ಯಪ್‌ಗಳಿಗೆ ಕ್ಲಾಸ್ ಇರಲ್ಲ, ಆ್ಯಪ್ ಐಡಿ ಅಂತ ಇರುತ್ತೆ, ಎಕ್ಸ್‌ಪ್ರಾಪ್ ಬದ್ಲು ಸ್ವೇ ಮೆಸೇಜ್ ಕಮಾಂಡಿಗೆ ಗೆಟ್ ಟ್ರೀ ಕೊಟ್ಟು ಅದನ್ನ ಹುಡುಕಿ, ಮಿಕ್ಕಿದ್ದೆಲ್ಲ ಇದೇ ಲೈನು.