ಬ್ರೋಚಿನ ಮೇಲೆ ಬಿದ್ದ ಕಣ್ಣು

ಸ್ನೇಹಿತರೇ,

ಹಳೆಯ ಕೊಲೆ ಪ್ರಕರಣದ ಪುಸ್ತಕ ಕೈಗೆ ಸಿಕ್ಕರೆ ನನ್ನದು ಅಡ್ಡದಾರಿಯ ಓದು. ಕೊಲೆಯ ಅಧ್ಯಾಯ ಬಿಟ್ಟು, ಕೊಲೆಗಾರ ಸಿಕ್ಕಿಬೀಳುವ ಪುಟಗಳನ್ನು ಮೊದಲು ತೆಗೆಯುತ್ತೇನೆ. ಕೊಂದದ್ದನ್ನು ಎಲ್ಲರೂ ಬಣ್ಣ ಕಟ್ಟಿ ಬರೆಯುತ್ತಾರೆ. ಹಿಡಿದ ಕೀರ್ತಿಯನ್ನು ಯಾರ ಖಾತೆಗೆ ಹಾಕುತ್ತಾರೆ ಅನ್ನುವುದರಲ್ಲಿ ಲೇಖಕರ ನಿಯತ್ತು ಗೊತ್ತಾಗುತ್ತದೆ.

ಹೆಚ್ಚಾಗಿ ಹಾಕುವುದು ಯಂತ್ರದ ಖಾತೆಗೆ. 1845ರ ಜನವರಿ 1ರಂದು ಇಂಗ್ಲೆಂಡಿನ ಸ್ಲೌ ಬಳಿ ಸಾರಾ ಹಾರ್ಟ್ ಎಂಬಾಕೆಗೆ ವಿಷವಿಕ್ಕಿ ಜಾನ್ ಟಾವೆಲ್ ಲಂಡನ್ನಿನ ರೈಲು ಹತ್ತಿದ. ಅವನಿಗಿಂತ ಮೊದಲು ತಂತಿ ಸಂದೇಶ ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣ ತಲುಪಿತ್ತು. ಆ ಯಂತ್ರದಲ್ಲಿ ಇಂಗ್ಲಿಷಿನ ‘ಕ್ಯೂ’ ಅಕ್ಷರವೇ ಇರಲಿಲ್ಲ. ಅವನು ತೊಟ್ಟಿದ್ದು ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಉಡುಪು. ‘ಕ್ವೇಕರ್’ ಪದವನ್ನು ‘ಕೆ’ ಅಕ್ಷರದಿಂದ ಬರೆದು ಕಳಿಸಿದರು. ಈ ‘ಕೆ’ಯ ತಮಾಷೆ ಎಲ್ಲ ಪುಸ್ತಕಗಳಲ್ಲೂ ಇದೆ. ಪಕ್ಕದ ಮನೆಯ ಹೆಂಗಸು ನರಳಾಟ ಕೇಳಿ ಮೊಂಬತ್ತಿ ಹಿಡಿದು ಹೊರಬಂದಳಲ್ಲ, ಆಕೆ ಬರದಿದ್ದರೆ ತಂತಿಯಲ್ಲಿ ಕಳಿಸಲು ಸುದ್ದಿಯೇ ಇರುತ್ತಿರಲಿಲ್ಲ. ಆಕೆಗೆ ಅರ್ಧ ಸಾಲು.

ಈಗ ಕ್ರಿಪ್ಪನ್ ವಿಷಯಕ್ಕೆ ಬರೋಣ. ಅಮೆರಿಕದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ಹೋಮಿಯೋಪತಿ ವೈದ್ಯ, ಹೆಂಡತಿಯನ್ನು ಕೊಂದವನೆಂದು ಹೆಸರಾದವನು. 1910ರ ಜುಲೈನಲ್ಲಿ ಪ್ರೇಯಸಿ ಎಥೆಲ್ ಲೆ ನೀವ್‌ಗೆ ಹುಡುಗನ ವೇಷ ಹಾಕಿಸಿ, ಅಪ್ಪ-ಮಗ ಅಂತ ಹೇಳಿಕೊಂಡು ‘ಮಾಂಟ್ರೋಸ್’ ಹಡಗಿನಲ್ಲಿ ಕೆನಡಾಕ್ಕೆ ಹೊರಟ. ಕ್ಯಾಪ್ಟನ್ ಕೆಂಡಲ್ ಚುರುಕು ಮನುಷ್ಯ. ‘ಮಗ’ನ ಪ್ಯಾಂಟು ಹಿಂದೆ ಹರಿದಿದ್ದು, ಪಿನ್ನು ಚುಚ್ಚಿ ಕೂಡಿಸಿದ್ದನ್ನು ಕಂಡ. ಅಪ್ಪ-ಮಗ ಕೈ ಹಿಡಿದುಕೊಳ್ಳುವ ರೀತಿಯೂ ಸರಿಯೆನಿಸಲಿಲ್ಲ. ನಿಸ್ತಂತು ಸಂದೇಶ ಹೋಯಿತು. ಇನ್‌ಸ್ಪೆಕ್ಟರ್ ಡ್ಯೂ ಹೆಚ್ಚು ವೇಗದ ಹಡಗು ಹಿಡಿದು ಮುಂಚೆಯೇ ಹೋಗಿ ಕಾದ. ಜುಲೈ 31ರಂದು ಬಂಧನ. ಕೆಂಡಲ್‌ಗೆ 250 ಪೌಂಡ್ ಬಹುಮಾನ. ಡ್ಯೂ 1938ರಲ್ಲಿ ತಂದ ಪುಸ್ತಕದ ಹೆಸರೇ ‘ಐ ಕಾಟ್ ಕ್ರಿಪ್ಪನ್’. ಹಿಡಿದದ್ದು ನಾನು, ಅಂತ!

ಹೌದೇ?

ಹಿಂದಕ್ಕೆ ಹೋಗೋಣ. ಹೆಂಡತಿ ಕೋರಾ ರಂಗಗಾಯಕಿ, ರಂಗ ಕಲಾವಿದೆಯರ ಸಂಘವಾದ ಮ್ಯೂಸಿಕ್ ಹಾಲ್ ಲೇಡೀಸ್ ಗಿಲ್ಡಿನ ಖಜಾಂಚಿ. ಫೆಬ್ರುವರಿ ಮೊದಲ ವಾರ ಆಕೆಯ ರಾಜೀನಾಮೆ ಪತ್ರ ಬಂತು, ಅಕ್ಷರ ಆಕೆಯದಾಗಿರಲಿಲ್ಲ. 20ರಂದು ನಡೆದ ನೃತ್ಯಕೂಟಕ್ಕೆ ಕ್ರಿಪ್ಪನ್ ಎಥೆಲ್‌ಳನ್ನು ಕರೆತಂದ. ಎದೆಯ ಮೇಲೆ ಕೋರಾಳ ಬ್ರೋಚು. ಗೆಳತಿಯ ಒಡವೆ ಗೆಳತಿಯರಿಗೆ ಗೊತ್ತಾಗದೇ ಇರುತ್ತದೆಯೇ? ಮಾರ್ಚಿನಲ್ಲಿ ಅವನೇ ಒಂದು ತಂತಿ ಕಳಿಸಿದ: ಹೆಂಡತಿ ತೀರಿಕೊಂಡಳು. ಎಲ್ಲಿ, ಹೇಗೆ ಅಂತ ಇವರು ಪಟ್ಟು ಬಿಡದೆ ಕೇಳಿದರು. ಅವನ ಕಥೆ ಕೇಳಿದಷ್ಟೂ ಜಾಳಾಯಿತು. ಕಡೆಗೆ ಜೂನ್ 30ರಂದು ಕೋರಾಳ ಸ್ನೇಹಿತರೇ ಸ್ಕಾಟ್ಲೆಂಡ್ ಯಾರ್ಡ್ ಮೆಟ್ಟಿಲು ಹತ್ತಿದರು.

ಡ್ಯೂ ವಿಚಾರಿಸಲು ಹೋದದ್ದು ಜುಲೈ 8ಕ್ಕೆ. ‘ಸತ್ತಳು ಅಂದದ್ದು ಸುಳ್ಳು, ಓಡಿಹೋದಳು, ಮರ್ಯಾದೆಗೆ ಅಂಜಿ ಹಾಗೆ ಹೇಳಿದೆ’ ಎಂದ ಕ್ರಿಪ್ಪನ್. ಡ್ಯೂ ಹೆಚ್ಚುಕಡಿಮೆ ನಂಬಿದ. ಆವತ್ತು ಅವನ ಜೊತೆ ಕೂತು ಊಟವನ್ನೂ ಮಾಡಿದ! ಮರುದಿನ ಹಕ್ಕಿ ಹಾರಿತ್ತು. ಆಮೇಲಷ್ಟೇ ನೆಲಮಾಳಿಗೆಯ ಇಟ್ಟಿಗೆ ಸಂದಿಗೆ ಒಲೆಯ ಸಲಾಕೆ ತೂರಿಸಿ ನೋಡಿದ್ದು, 13ರಂದು ದೇಹದ ಭಾಗಗಳು ಸಿಕ್ಕಿದ್ದು.

ಇಂಥ ಪುಸ್ತಕಗಳ ಮೇಲೆ ನನ್ನ ತಕರಾರು ಇನ್ನೊಂದಿದೆ. ಸತ್ತವಳನ್ನು ಗಯ್ಯಾಳಿ ಮಾಡಿ, ಕೊಂದವನನ್ನು ಪಾಪದ ಗಂಡನಾಗಿಸುವ ಚಟ. ಕೋರಾ ಕುಡಿಯುತ್ತಿದ್ದಳು, ಗಂಡನನ್ನು ಹುರಿದು ಮುಕ್ಕುತ್ತಿದ್ದಳು ಅಂತೆಲ್ಲ ಪುಟಗಟ್ಟಲೆ ಬರುತ್ತದೆ. ಹಾಗೆ ಬರೆದವರು, ಅವಳಿಗಾಗಿ ಐದು ತಿಂಗಳು ಬೆನ್ನುಬಿದ್ದ ಸ್ನೇಹಿತರು ಹೇಗೆ ಹುಟ್ಟಿಕೊಂಡರು ಅಂತ ಯೋಚಿಸಿದಂತಿಲ್ಲ.

ಕೋರ್ಟಿನಲ್ಲಿ ಕ್ರಿಪ್ಪನ್ ಪರ ವಕೀಲರು, ಆ ಅವಶೇಷ ಕ್ರಿಪ್ಪನ್ ದಂಪತಿ 1905ರಲ್ಲಿ ಆ ಮನೆಗೆ ಬರುವ ಮುಂಚಿನದ್ದಿರಬಹುದು ಎಂದು ವಾದಿಸಿದರು. ಜೊತೆಗೆ ಸಿಕ್ಕಿದ್ದ ಪೈಜಾಮ ಅಂಗಿಯ ಚೂರಿನ ಚೀಟಿಯಲ್ಲಿ ಅಂಗಡಿಯ ಹೆಸರಿನ ಮುಂದೆ ‘ಲಿಮಿಟೆಡ್’ ಎಂದಿತ್ತು. ಅಂಗಡಿ ಲಿಮಿಟೆಡ್ ಆದದ್ದು 1906ರಲ್ಲಿ. ವಾದ ಅಲ್ಲಿಗೆ ಕುಸಿಯಿತು. ಜ್ಯೂರಿಗೆ 27 ನಿಮಿಷ ಸಾಕಾಯಿತು. ನವೆಂಬರ್ 23ಕ್ಕೆ ನೇಣು. 2007ರಲ್ಲಿ ಡಿಎನ್‌ಎ ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳು ಆ ದೇಹ ಕೋರಾಳದ್ದಲ್ಲ ಎಂದರು, ಒಪ್ಪದವರೂ ಇದ್ದಾರೆ. ಆ ಜಗಳ ಇನ್ನೊಂದು ದಿನಕ್ಕಿರಲಿ.

ವಿಚಾರಣೆ ಶುರುವಾಗುವುದಕ್ಕೆ ಒಂದು ವಾರ ಮೊದಲು ಆ ಅವಶೇಷಗಳನ್ನು ಮಣ್ಣು ಮಾಡಿದರು. ಅದನ್ನು ಮುಂದೆ ನಿಂತು ಮಾಡಿಸಿದ್ದು ಗಿಲ್ಡಿನವರೇ. ನನ್ನಲ್ಲಿರುವ ಪುಸ್ತಕವೊಂದರಲ್ಲಿ ಹಡಗಿನ ಬೆನ್ನಟ್ಟುವಿಕೆಗೆ ಎರಡು ಅಧ್ಯಾಯಗಳಿವೆ, ಈ ಅಂತ್ಯಕ್ರಿಯೆಗೆ ಒಂದು ವಾಕ್ಯ.