ಎದುರಾಳಿಯ ಒಳಪುಟಗಳು: ಸರ್ಚ್ ಎಂಜಿನ್‌ನಿಂದ ಮಾರುಕಟ್ಟೆ ಶೋಧ

ಕೇಳುಗರಿಗೆ ನಮಸ್ಕಾರ.

ಪ್ರತಿಸ್ಪರ್ಧಿ ಕಂಪನಿಯ ಬಗ್ಗೆ ತಿಳಿಯಬೇಕಾದಾಗ ಹೆಚ್ಚಿನವರು ಅದರ ಹೆಸರನ್ನು ಗೂಗಲ್‌ಗೆ ಹಾಕುತ್ತಾರೆ, ಮೊದಲ ಪುಟ ಓದುತ್ತಾರೆ, ಅಲ್ಲಿಗೆ ಮುಗಿಸುತ್ತಾರೆ. ಆ ಮೊದಲ ಪುಟದಲ್ಲಿ ಸಿಗುವುದು ಬಹುಪಾಲು ಆ ಕಂಪನಿ ತಾನಾಗಿ ತೋರಿಸಲು ಬಯಸಿದ್ದು: ಮುಖಪುಟ, ಜಾಹೀರಾತು, ಪತ್ರಿಕಾ ಪ್ರಕಟಣೆ. ನಮಗೆ ಬೇಕಾದ ಸಂಗತಿ ಒಳಪುಟಗಳಲ್ಲಿರುತ್ತದೆ. ಡೀಲರುಗಳಿಗೆಂದು ಏರಿಸಿದ ದರಪಟ್ಟಿ, ಬಳಕೆಯ ಕೈಪಿಡಿ, ಕೆಲಸಕ್ಕೆ ಜನ ಬೇಕೆಂಬ ಪ್ರಕಟಣೆ, ಇವೆಲ್ಲ ಬಹಿರಂಗವಾಗಿಯೇ ಇರಬಹುದು. ಮುಖಪುಟದಿಂದ ಅಲ್ಲಿಗೆ ದಾರಿ ಕಾಣುವುದಿಲ್ಲ, ಅಷ್ಟೇ.

ಕೀಲಿಮಣೆ ಮುಟ್ಟುವ ಮೊದಲು ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. "ಅವರು ಏನು ಮಾಡುತ್ತಿದ್ದಾರೆ" ಎಂಬ ಪ್ರಶ್ನೆಗೆ ತಲೆಬಾಲ ಇಲ್ಲ. "ಕಳೆದ 6 ತಿಂಗಳಲ್ಲಿ ಅವರ ಯಾವ ಮಾದರಿಯ ಬೆಲೆ ಬದಲಾಗಿದೆ", "ಯಾವ ಊರಿಗೆ ಸರ್ವಿಸ್ ಸಿಬ್ಬಂದಿ ಹುಡುಕುತ್ತಿದ್ದಾರೆ" ಎಂದು ಕೇಳಿಕೊಂಡರೆ ಹುಡುಕಾಟಕ್ಕೆ ಒಂದು ಕೊನೆ ಇರುತ್ತದೆ.

ಮನೆಬಳಕೆಯ ನೀರಿನ ಫಿಲ್ಟರ್ ಮಾಡುವ ಒಂದು ಕಂಪನಿ ನಮ್ಮ ಎದುರಾಳಿ ಎಂದುಕೊಳ್ಳೋಣ. ಗೂಗಲ್‌ನಲ್ಲಿ "ಸೈಟ್" ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಅದಕ್ಕೆ ಅಂಟಿಸಿ ಕೋಲನ್, ಅಂದರೆ ಒಂದರ ಮೇಲೊಂದು ಎರಡು ಚುಕ್ಕೆ. ಕೋಲನ್‌ಗೆ ಅಂಟಿಸಿ ಅವರ ವೆಬ್‌ಸೈಟಿನ ವಿಳಾಸ. ನಡುವೆ ಜಾಗ ಬಿಡಬಾರದು. ಜಾಗ ಬಿಟ್ಟರೆ ಗೂಗಲ್ ಅದನ್ನು ಸೂಚನೆ ಎಂದು ತಿಳಿಯದೆ, ಮಾಮೂಲಿ ಪದವೆಂದು ಹುಡುಕುತ್ತದೆ. ಫಲಿತಾಂಶವೇನೋ ಬರುತ್ತದೆ, ಆದರೆ ಬೇರೆಯದೇ ಬರುತ್ತದೆ. ಈ ಕೆಲಸದಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದೇ.

ಈಗ ಅದೇ ಸಾಲಿನ ಮುಂದೆ ಒಂದು ಜಾಗ ಬಿಟ್ಟು "ಫೈಲ್‌ಟೈಪ್" ಎಂದು ಒಂದೇ ಪದವಾಗಿ ಬರೆದು, ಕೋಲನ್ ಹಾಕಿ, ಪಿಡಿಎಫ್ ಎಂದು ಸೇರಿಸಿ. ಅವರ ತಾಣದಲ್ಲಿ ಗೂಗಲ್ ಕಂಡಿರುವ ಪಿಡಿಎಫ್ ಕಡತಗಳಷ್ಟೇ ಎದುರಿಗೆ ಬರುತ್ತವೆ. ಕೈಪಿಡಿ ಸಿಕ್ಕರೆ ಕೊನೆಯ ಪುಟಗಳಿಗೆ ಹೋಗಿ. ಬಿಡಿಭಾಗಗಳ ಪಟ್ಟಿ, ಕ್ಯಾಂಡಲ್ ಎಷ್ಟು ಲೀಟರಿಗೆ ಬದಲಿಸಬೇಕು, ವಾರಂಟಿಯಲ್ಲಿ ಯಾವುದು ಸೇರಿಲ್ಲ ಎಂಬುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಮಾರಾಟದ ಮಾತಿನಲ್ಲಿ ಬರದ ವಿಷಯಗಳಿವು. ಪಿಡಿಎಫ್ ಜಾಗದಲ್ಲಿ ಎಕ್ಸೆಲ್ ಅಥವಾ ಪವರ್‌ಪಾಯಿಂಟ್ ಕಡತದ ಹೆಸರಿನ ಕೊನೆಯಲ್ಲಿ ಬರುವ ಅಕ್ಷರಗಳನ್ನು ಹಾಕಿಯೂ ನೋಡಿ.

ಮೈನಸ್ ಚಿಹ್ನೆ ಇನ್ನೂ ಉಪಯುಕ್ತ. ಸೈಟ್ ಕೋಲನ್ ಹಾಕಿ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಇಲ್ಲದ ವಿಳಾಸ ಬರೆಯಿರಿ. ಜಾಗ ಬಿಡಿ, ಮೈನಸ್ ಹಾಕಿ, ಮೈನಸ್‌ಗೆ ಅಂಟಿಸಿ ಮತ್ತೆ ಸೈಟ್ ಕೋಲನ್, ಈ ಸಲ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಇರುವ ವಿಳಾಸ. ಮುಖ್ಯ ತಾಣ ಪಕ್ಕಕ್ಕೆ ಸರಿದು ಉಪತಾಣಗಳು ಉಳಿಯುತ್ತವೆ. ನೇಮಕಾತಿಗೆ ಒಂದು, ಡೀಲರುಗಳಿಗೆ ಒಂದು, ಗ್ರಾಹಕರ ದೂರಿಗೆ ಒಂದು ಎಂದು ಪ್ರತ್ಯೇಕ ತಾಣಗಳಿದ್ದರೆ ಅವು ಇಲ್ಲಿ ಬೆಳಕಿಗೆ ಬರುತ್ತವೆ. ಇನ್ನು ಕಂಪನಿಯ ಹೆಸರನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಅವರ ಸ್ವಂತ ತಾಣವನ್ನೇ ಮೈನಸ್‌ನಿಂದ ಹೊರಹಾಕಿದರೆ, ಊರಿನವರು ಅವರ ಬಗ್ಗೆ ಏನು ಹೇಳುತ್ತಾರೆ ಎಂಬುದಷ್ಟೇ ಉಳಿಯುತ್ತದೆ.

ಎರಡು ಪದಗಳಲ್ಲಿ ಯಾವುದಿದ್ದರೂ ಸರಿ ಎನ್ನಲು ನಡುವೆ ಇಂಗ್ಲಿಷಿನ "ಆರ್" ಹಾಕಬೇಕು, ಅದೂ ದೊಡ್ಡಕ್ಷರಗಳಲ್ಲಿ. ದಿನಾಂಕಕ್ಕೆ "ಆಫ್ಟರ್" ಮತ್ತು "ಬಿಫೋರ್" ಇವೆ. ಕೋಲನ್ ಹಾಕಿ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ, ನಡುವೆ ಅಡ್ಡಗೆರೆ. ಆದರೆ ದಿನಾಂಕವನ್ನು ಪೂರ್ತಿ ನಂಬಬೇಡಿ. ಅದು ಪುಟವನ್ನು ನೋಡಿ ಗೂಗಲ್ ಮಾಡಿದ ಅಂದಾಜು. ಹಳೆಯ ಪುಟದಲ್ಲಿ ಒಂದು ಸಾಲು ತಿದ್ದಿ ದಿನಾಂಕ ಬದಲಿಸಿದ್ದರೆ ಅದು ಹೊಸ ಸುದ್ದಿಯ ವೇಷ ತೊಟ್ಟು ಬರಬಹುದು.

ಅಂಕಿಗಳ ವಿಷಯದಲ್ಲಂತೂ ಕಣ್ಣುಕಟ್ಟು ಇನ್ನೂ ಜಾಸ್ತಿ. "ಸುಮಾರು ಇಷ್ಟು ಸಾವಿರ ಫಲಿತಾಂಶ" ಎಂದು ಗೂಗಲ್ ಹೇಳುವುದು ಎಣಿಸಿದ ಲೆಕ್ಕವಲ್ಲ. ಕೊನೆಯ ಪುಟದವರೆಗೆ ಹೋದರೆ ಆ ಸಾವಿರಗಳು ಕೆಲವೇ ನೂರಕ್ಕೆ ಇಳಿದಿರುತ್ತವೆ. "ನಮ್ಮದು ನಾಲ್ಕು ಸಾವಿರ ಪುಟ, ಅವರದ್ದು ಒಂಬತ್ತು ಸಾವಿರ" ಎಂಬ ಹೋಲಿಕೆಯನ್ನು ವರದಿಗೆ ಹಾಕುವುದು ಬೇಡ. ಹಾಗೆಯೇ ಸೈಟ್ ಸೂಚನೆಗೆ ಒಂದು ಪುಟ ಸಿಗಲಿಲ್ಲವೆಂದರೆ ಆ ಪುಟವೇ ಇಲ್ಲ ಎಂದಲ್ಲ. ಗೂಗಲ್ ಅದನ್ನು ತನ್ನ ಸೂಚಿಗೆ, ಅಂದರೆ ತಾನು ಹುಡುಕುವ ಪುಟಗಳ ಪಟ್ಟಿಗೆ, ಸೇರಿಸಿಲ್ಲದೆಯೂ ಇರಬಹುದು. ಬಿಂಗ್ ಎಂಬ ಇನ್ನೊಂದು ಸರ್ಚ್ ಎಂಜಿನ್‌ಗೆ ತನ್ನದೇ ಸೂಚಿ ಇದೆ, ಅದೇ ಪ್ರಶ್ನೆಯನ್ನು ಅಲ್ಲೂ ಒಮ್ಮೆ ಕೇಳಿ.

ಇನ್ನು ಗ್ರಾಹಕರ ಮಾತು. ಎದುರಾಳಿಯ ಹೆಸರು ಬರೆದು ಒಂದು ಜಾಗ ಬಿಟ್ಟು, ಎಂಟರ್ ಒತ್ತದೆ ನಿಲ್ಲಿ. ಕೆಳಗೆ ಸಲಹೆಗಳು ಇಳಿಯುತ್ತವೆ. ಅವು ಜನ ನಿಜವಾಗಿ ಹುಡುಕಿದ ಮಾತುಗಳಿಂದ ಹುಟ್ಟಿದವು. "ಸೋರುತ್ತದೆ", "ಕ್ಯಾಂಡಲ್ ಬೆಲೆ", "ದೂರು" ಎಂಬ ಪದಗಳು ಹೆಸರಿನ ಪಕ್ಕದಲ್ಲೇ ಬಂದರೆ, ಅವರ ಫಿಲ್ಟರಿನ ಕೊರತೆ ಎಲ್ಲಿದೆ ಎಂದು ಊಹಿಸಲು ಒಂದು ಎಳೆ ಸಿಕ್ಕಿತು. ಹೆಸರಿನ ಮುಂದೆ ಒಂದೊಂದೇ ಅಕ್ಷರ ಹಾಕುತ್ತ ಹೋಗಿ, ಪ್ರತಿ ಅಕ್ಷರಕ್ಕೂ ಹೊಸ ಪಟ್ಟಿ ಬರುತ್ತದೆ. ಇದನ್ನು ಮಾಡುವಾಗ ಖಾತೆಯಿಂದ ಹೊರಬಂದು, ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಅಂದರೆ ಇನ್‌ಕಾಗ್ನಿಟೊದಲ್ಲಿ, ಕೂರಿ. ಇಲ್ಲದಿದ್ದರೆ ನಿಮ್ಮ ಹಳೆಯ ಹುಡುಕಾಟಗಳೇ ನಿಮಗೆ ತಿರುಗಿ ಬರುತ್ತವೆ. ಖಾಸಗಿ ಕಿಟಕಿಯೂ ನೀವಿರುವ ಜಾಗವನ್ನು ಮರೆಮಾಚುವುದಿಲ್ಲ, ಆದ್ದರಿಂದ ಬೇರೆ ಊರಿನವರಿಗೆ ಬೇರೆ ಪಟ್ಟಿ ಕಾಣಬಹುದು.

ಯಾವ ಪದದ ಹುಡುಕಾಟ ಯಾವಾಗ ಏರಿತು, ಇಳಿಯಿತು ಎಂದು ನಕ್ಷೆಯಲ್ಲಿ ತೋರಿಸುವ ಗೂಗಲ್ ಟ್ರೆಂಡ್ಸ್ ಬಳಸುವವರು ಎಡವುವುದು ಒಂದೇ ಕಡೆ. ಅಲ್ಲಿ 0ಯಿಂದ 100ರವರೆಗೆ ಕಾಣುವುದು ಹುಡುಕಾಟಗಳ ಸಂಖ್ಯೆಯಲ್ಲ. ನೀವು ಆರಿಸಿದ ಅವಧಿ ಮತ್ತು ಪ್ರದೇಶದಲ್ಲಿ ಅತಿ ಎತ್ತರದ ಬಿಂದುವನ್ನು 100 ಎಂದಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಅಳೆದಿರುತ್ತಾರೆ. ನಮ್ಮ ಬ್ರ್ಯಾಂಡಿಗೆ ಒಂದು ನಕ್ಷೆ, ಅವರ ಬ್ರ್ಯಾಂಡಿಗೆ ಇನ್ನೊಂದು ನಕ್ಷೆ ತೆಗೆದು ಪಕ್ಕಪಕ್ಕ ಇಟ್ಟರೆ ಇಬ್ಬರೂ 100 ಮುಟ್ಟಿರುತ್ತಾರೆ, ಅದರಿಂದ ಏನೂ ತಿಳಿಯದು. ಒಂದೇ ನಕ್ಷೆಯಲ್ಲಿ ಹಲವು ಹೆಸರುಗಳನ್ನು ಸೇರಿಸಬಹುದು, ಹಾಗೆ ಸೇರಿಸಿಯೇ ಹೋಲಿಸಿ. ಎದುರಾಳಿಯ ಹೆಸರು ನದಿಯದೋ ಹೂವಿನದೋ ಆಗಿದ್ದರೆ, ಬರೆದ ಪದದ ಬದಲು ಪಟ್ಟಿಯಲ್ಲಿ ಕಂಪನಿ ಎಂದು ತೋರಿಸುವ ವಿಷಯವನ್ನು ಆರಿಸಿ. ಇಲ್ಲವಾದರೆ ಹೂವು ಹುಡುಕಿದವರನ್ನೆಲ್ಲ ಫಿಲ್ಟರ್ ಗಿರಾಕಿಗಳೆಂದು ಎಣಿಸಿದಂತೆ. ಟ್ರೆಂಡ್ಸ್‌ನಲ್ಲಿ 2004ರಿಂದ ಈಚಿನ ಮಾಹಿತಿ ಇದೆ, ಹಾಗಾಗಿ ಯಾವ ತಿಂಗಳಲ್ಲಿ ಬೇಡಿಕೆ ಏರುತ್ತದೆ ಎಂಬ ವರ್ಷವರ್ಷದ ಲಯ ನೋಡಲು ಅದು ಒಳ್ಳೆಯದು.

ಬೆಲೆ ಬದಲಾವಣೆಯ ಪ್ರಶ್ನೆಗೆ ಬರೋಣ. ಗೂಗಲ್ ತಾನು ಉಳಿಸಿದ ಪ್ರತಿಯನ್ನು ತೋರಿಸುವುದನ್ನು 2024ರಲ್ಲಿ ನಿಲ್ಲಿಸಿತು. ಈಗ ಹಳೆಯ ಪುಟಕ್ಕೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಇದೆ. ಅವರ ಬೆಲೆ ಪುಟದ ಪೂರ್ಣ ವಿಳಾಸವನ್ನು ಅಲ್ಲಿ ಹಾಕಿದರೆ, ಪ್ರತಿ ಉಳಿದ ದಿನಗಳೆಲ್ಲ ಒಂದು ಕ್ಯಾಲೆಂಡರಿನ ಮೇಲೆ ಗುರುತಾಗಿರುತ್ತವೆ. ಎರಡು ಪ್ರತಿಗಳನ್ನು ಅಕ್ಕಪಕ್ಕ ತೆರೆದು ಬೆಲೆ, ವಾರಂಟಿ ಅವಧಿ, ಕೈಬಿಟ್ಟ ಮಾದರಿ ಇಷ್ಟನ್ನು ಹೋಲಿಸಿ. ಆರ್ಕೈವ್‌ನಲ್ಲಿರುವುದು ಪ್ರತಿ ತೆಗೆದ ದಿನ ಮಾತ್ರ. ಬೆಲೆ ಬದಲಾದದ್ದು ಎರಡು ಪ್ರತಿಗಳ ನಡುವಿನ ಯಾವ ದಿನವೂ ಆಗಿರಬಹುದು, ವರದಿಯಲ್ಲಿ ಹಾಗೆಯೇ ಬರೆಯಿರಿ.

ಅವರ ಜಾಹೀರಾತು ನೋಡಬೇಕೆಂದು ಹುಡುಕಾಟದಲ್ಲಿ ಬಂದದ್ದರ ಮೇಲೆ ಕ್ಲಿಕ್ ಮಾಡಬೇಡಿ. ಪ್ರತಿ ಕ್ಲಿಕ್ಕಿಗೂ ಅವರಿಗೆ ಖರ್ಚು ಬೀಳಬಹುದು, ಅದು ಸಂಶೋಧನೆಯಲ್ಲ, ಕಿರುಕುಳ. ಗೂಗಲ್ 2023ರಲ್ಲಿ ಆರಂಭಿಸಿದ ಆಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್‌ನಲ್ಲಿ ಜಾಹೀರಾತುದಾರರ ಹೆಸರು ಅಥವಾ ವೆಬ್‌ಸೈಟ್ ಹಾಕಿ ಜಾಹೀರಾತುಗಳನ್ನೇ ನೋಡಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಮೆಟಾದ ಆಡ್ ಲೈಬ್ರರಿ ಇದೆ, ಅಲ್ಲಿ ಜಾಹೀರಾತು ಶುರುವಾದ ದಿನಾಂಕವೂ ಇರುತ್ತದೆ. ತಿಂಗಳುಗಟ್ಟಲೆ ಒಂದೇ ಜಾಹೀರಾತು ಓಡುತ್ತಿದ್ದರೆ ಅದು ಅವರಿಗೆ ಗಿಟ್ಟುತ್ತಿರಬಹುದು ಎಂಬ ಸುಳಿವು ಸಿಗುತ್ತದೆ. ಅದು ಪುರಾವೆಯಂತೂ ಅಲ್ಲ.

ಹುಡುಕುತ್ತ ಹೋದಾಗ "ಗೌಪ್ಯ" ಎಂದು ಮುದ್ರೆ ಇರುವ ಕಡತ ಸಿಕ್ಕೀತು. ಯಾರೋ ತಪ್ಪಿ ಏರಿಸಿದ್ದು. ಅದನ್ನು ಇಳಿಸಿಕೊಳ್ಳದೆ, ಹಂಚದೆ, ಕಾನೂನು ಸಲಹೆಗಾರರಿಗೆ ತಿಳಿಸಿ. ಪಾಸ್‌ವರ್ಡ್ ಕೇಳುವ ಬಾಗಿಲಿನ ಮುಂದೆ ನಮ್ಮ ಕೆಲಸ ನಿಲ್ಲುತ್ತದೆ.

ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ದಾಖಲಿಸಿ: ಹುಡುಕಿದ ದಿನ, ಹುಡುಕಿದ ಸಾಲು ಅಕ್ಷರ ಬಿಡದೆ, ಪುಟದ ವಿಳಾಸ, ಕಂಡ ಸಂಗತಿ, ತೆರೆಯ ಚಿತ್ರ. ಹುಡುಕಾಟದ ಮೇಲ್ಭಾಗದಲ್ಲಿ ಎಐ ಬರೆದುಕೊಡುವ ಸಾರಾಂಶವನ್ನು ಈ ಹಾಳೆಗೆ ತರಬೇಡಿ, ಅದರ ಮೂಲ ಪುಟಕ್ಕೆ ಹೋಗಿ ಓದಿ ತನ್ನಿ.

ಕೆಲಸಕ್ಕೆ ಬಂದ ಸಾಲುಗಳನ್ನು, ಹೊಸ ಫಲಿತಾಂಶಗಳನ್ನು ಇಮೇಲಿಗೆ ಕಳುಹಿಸುವ ಗೂಗಲ್ ಅಲರ್ಟ್ಸ್‌ಗೆ ಹಾಕಿಡಿ, ವಾರಕ್ಕೊಮ್ಮೆ ಬರುವಂತೆ, "ಉತ್ತಮ ಫಲಿತಾಂಶಗಳು ಮಾತ್ರ" ಎಂಬ ಆಯ್ಕೆಯನ್ನು ಬದಲಿಸಿ ಎಲ್ಲವೂ ಬರುವಂತೆ. ಅಲರ್ಟ್ ಎಷ್ಟೋ ಸಂಗತಿಗಳನ್ನು ಬಿಟ್ಟುಬಿಡುತ್ತದೆ. ಅದಕ್ಕೆ ಅದೇ ಸಾಲುಗಳನ್ನು ತಿಂಗಳಿಗೊಮ್ಮೆ ಕೈಯಾರೆ ಹುಡುಕಿ, ಹಳೆಯ ಹಾಳೆಯ ಪಕ್ಕದಲ್ಲಿಟ್ಟು ನೋಡಿ.

ನಮಸ್ಕಾರ.